ವಿಲ್ಲೋ ಗುಮ್ಮಟ: ಕೊನೆಯ ಗಂಟು ಹಾಕಿದ ಮೇಲೆ

ನಮಸ್ಕಾರ. ವಿಲ್ಲೋ ಅಂದ ಕೂಡಲೇ ನಮಗೆ ಕ್ರಿಕೆಟ್ ಬ್ಯಾಟ್ ನೆನಪಾಗುತ್ತದೆ, ಅಲ್ವಾ? ಇವತ್ತು ಮಾತಾಡುವುದು ಆ ಮರದ ನೆಂಟರ ಬಗ್ಗೆ. ತೆಳ್ಳಗೆ, ಉದ್ದಕ್ಕೆ, ಬಳುಕುವ ಕಡ್ಡಿ ಬಿಡುವ ಗಿಡಗಳಿವು. ಬುಟ್ಟಿ ಹೆಣೆಯುವವರು ತಲೆಮಾರುಗಳಿಂದ ಬೆಳೆಸಿಕೊಂಡು ಬಂದವು. ಇವುಗಳ ಹಸಿ ಕಡ್ಡಿಯನ್ನು ನೆಲಕ್ಕೆ ಚುಚ್ಚಿ, ಬಾಗಿಸಿ, ಹೆಣೆದರೆ ತೋಟದಲ್ಲೊಂದು ಗುಮ್ಮಟ ಆಗುತ್ತದೆ. ಸುರಂಗ, ಬೇಲಿ, ಕುರ್ಚಿಯೂ ಆಗುತ್ತದೆ. ಕಡ್ಡಿ ಬೇರು ಬಿಡುತ್ತದೆ, ಚಿಗುರುತ್ತದೆ.

ಇದನ್ನು ಕಟ್ಟಿ ತೋರಿಸುವವರೆಲ್ಲ ಕೊನೆಯ ಗಂಟು ಹಾಕಿ, ಕೈ ಒರೆಸಿಕೊಂಡು, ಆಯ್ತು ಅಂದುಬಿಡುತ್ತಾರೆ. ನನ್ನ ತಕರಾರು ಅಲ್ಲೇ ಇದೆ. ಕಟ್ಟುವುದು ಒಂದು ದಿನದ ಕೆಲಸ. ಅದನ್ನು ಗುಮ್ಮಟವಾಗಿಯೇ ಉಳಿಸಿಕೊಳ್ಳುವುದು ಪ್ರತಿ ಚಳಿಗಾಲದ ಕೆಲಸ. ಎರಡನೆಯದಕ್ಕೆ ಮನಸ್ಸಿಲ್ಲದಿದ್ದರೆ ಮೊದಲನೆಯದನ್ನೂ ಮಾಡಬೇಡಿ.

ಇದು ನಾನು ಪೆಟ್ಟು ತಿಂದು ಕಲಿತದ್ದು. ನನ್ನ ಮೊದಲ ಗುಮ್ಮಟ ಚೆನ್ನಾಗಿಯೇ ಶುರುವಾಯಿತು. ಎಲೆ ಉದುರಿ ಗಿಡ ಮಲಗಿರುವ ಕಾಲದಲ್ಲಿ ಕಡ್ಡಿ ಕತ್ತರಿಸಿದೆ. ಚಿಗುರೊಡೆಯುವ ಕಣ್ಣುಗಳು ಮೇಲ್ಮುಖವಾಗಿರುವಂತೆ ನೋಡಿಕೊಂಡು 30 ಸೆಂಟಿಮೀಟರ್ ಆಳಕ್ಕೆ ನೆಟ್ಟೆ. ವಿಲ್ಲೋ ತೊಗಟೆಯ ಅಡಿಯಲ್ಲಿ ಬೇರಿನ ಮೊಳಕೆಗಳು ಮೊದಲೇ ತಯಾರಾಗಿ ಕೂತಿರುತ್ತವೆ. ಒದ್ದೆ ಮಣ್ಣು ಸಿಕ್ಕರೆ ಸಾಕು, ಹೊರಗೆ ಬರುತ್ತವೆ. ಮೊದಲ ಬೇಸಿಗೆಯಲ್ಲಿ ಬುಡದ ಹುಲ್ಲು ಕಿತ್ತೆ, ನೀರು ಹಾಕಿದೆ. ಗುಮ್ಮಟ ಪೂರ್ತಿ ಹಸಿರಾಯಿತು.

ಆಮೇಲೆ ನಾನು ಸುಮ್ನೆ ಬಿಟ್ಟೆ. ಎರಡು ಚಳಿಗಾಲ ಕತ್ತರಿ ಮುಟ್ಟಲಿಲ್ಲ. ಮೂರನೇ ವರ್ಷ ನೋಡಿದರೆ ನೆತ್ತಿಯ ಮೇಲೆ ಪೊರಕೆ ಹಾಗೆ ನಿಂತ ಕಡ್ಡಿಗಳು, ಕೆಳಗೆ ಬರೀ ಬೋಳು ಕಾಂಡ. ಮಗು ಅಡಗಿ ಕೂರಬೇಕಾದ ಜಾಗದಲ್ಲಿ ಒಂದು ಎಲೆಯೂ ಇರಲಿಲ್ಲ.

ತಪ್ಪು ಗಿಡದ್ದಲ್ಲ. ನೆಟ್ಟಗೆ ನಿಂತ ಕಡ್ಡಿಯಲ್ಲಿ ತುದಿಯ ಕುಡಿಯದೇ ರಾಜ್ಯ. ಅದು ಕೆಳಗಿನ ಕಣ್ಣುಗಳನ್ನು ಚಿಗುರಲು ಬಿಡುವುದಿಲ್ಲ. ಮೇಲೆ ಎಲೆ ದಟ್ಟವಾದಷ್ಟೂ ಕೆಳಗೆ ನೆರಳು, ಅಲ್ಲಿಗೆ ಬುಡ ಬೋಳಾದ ಹಾಗೇ. ಒಳ್ಳೆ ತೇವ ಸಿಕ್ಕಿದ ವಿಲ್ಲೋ ಒಂದೇ ವರ್ಷದಲ್ಲಿ 2 ಮೀಟರಿಗಿಂತ ಜಾಸ್ತಿ ಬೆಳೆಯಬಲ್ಲದು. ಎರಡು ವರ್ಷ ಬಿಟ್ಟರೆ ಲೆಕ್ಕ ನೀವೇ ಹಾಕಿ.

ಕಡ್ಡಿಯನ್ನು ಓರೆಯಾಗಿ ಬಾಗಿಸಿದರೆ ತುದಿಯ ಹಿಡಿತ ಸಡಿಲವಾಗುತ್ತದೆ, ಉದ್ದಕ್ಕೂ ಚಿಗುರು ಒಡೆಯುತ್ತದೆ. ವಿಲ್ಲೋ ಬೇಲಿಯನ್ನು ಓರೆಯಾಗಿ, ಒಂದರ ಮೇಲೊಂದು ದಾಟಿಸಿ ಹೆಣೆಯುವುದು ಬರೀ ಅಂದಕ್ಕಲ್ಲ. ಅದಕ್ಕೇ ಚಳಿಗಾಲದಲ್ಲಿ ಎರಡು ಕೆಲಸ ಮಾಡಬೇಕು. ನೆತ್ತಿಯ ಹೊಸ ಕಡ್ಡಿಗಳನ್ನು ದಯೆ ಇಲ್ಲದೆ ಸವರಬೇಕು. ಕೆಳಗೆ ಹುಟ್ಟಿದವನ್ನು ಮಾತ್ರ ಉಳಿಸಿ, ಓರೆಯಾಗಿ ಒಳಗೆ ಹೆಣೆಯಬೇಕು. ಕಡ್ಡಿಗಳು ಒಂದನ್ನೊಂದು ದಾಟುವ ಜಾಗದಲ್ಲಿ ಬಿಗಿಯಾಗಿ ಕಟ್ಟಿ. ಸಡಿಲವಿದ್ದರೆ ಗಾಳಿಗೆ ಉಜ್ಜಿ ಗಾಯವಾಗುತ್ತದೆ. ಒತ್ತಿ ಹಿಡಿದರೆ ವರ್ಷಗಳು ಕಳೆದಂತೆ ಎರಡೂ ಬೆಸೆದು ಒಂದೇ ಮರವಾಗುತ್ತವೆ. ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾದದ್ದು ಆ ಬೆಸುಗೆ. ಕಟ್ಟಿದ ದಾರ ತೊಗಟೆಯೊಳಗೆ ಹೂತುಹೋಗುವ ಮೊದಲು ಬಿಚ್ಚುವುದನ್ನು ಮಾತ್ರ ಮರೆಯಬೇಡಿ.

ಇಷ್ಟೆಲ್ಲ ಯಾಕೆ, ಒಣಗಿದ ಕಡ್ಡಿಯಲ್ಲೇ ಹೆಣೆದರೆ ಆಗದೇ ಅಂತ ಕೇಳುತ್ತಾರೆ. ಆಗುತ್ತದೆ. ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲಿ ಎಂ5 ಹೆದ್ದಾರಿ ಪಕ್ಕ 2000ದಲ್ಲಿ ಸೆರೆನಾ ಡೆ ಲಾ ಹೇ ಅನ್ನುವ ಕಲಾವಿದೆ ಉಕ್ಕಿನ ಚೌಕಟ್ಟಿಗೆ ವಿಲ್ಲೋ ಹೆಣೆದು 12 ಮೀಟರ್ ಎತ್ತರದ ಓಡುವ ಮನುಷ್ಯನನ್ನು ನಿಲ್ಲಿಸಿದರು. ಅದ್ಭುತ ಕೆಲಸ. 2001ರಲ್ಲಿ ಅದನ್ನು ಯಾರೋ ಸುಟ್ಟರು, ಸೆರೆನಾ ಮತ್ತೆ ಕಟ್ಟಿದರು. ಆಮೇಲೆ ಹಕ್ಕಿಗಳು ಗೂಡಿಗೆ ಕಡ್ಡಿ ಕಿತ್ತವು, ಮಳೆ ಗಾಳಿಗೆ ಸವೆಯಿತು, ಕೊನೆಗೆ ಕೈಗಳೂ ತಲೆಯೂ ಹೋದವು. ಸತ್ತ ಕಡ್ಡಿ ಕಟ್ಟಿದ ದಿನದಿಂದಲೇ ಕರಗುತ್ತದೆ. ಜರ್ಮನಿಯ ಆವರ್‌ಸ್ಟೆಟ್‌ನಲ್ಲಿ 1998ರಲ್ಲಿ ವಾಸ್ತುಶಿಲ್ಪಿ ಮಾರ್ಸೆಲ್ ಕಾಲ್ಬರರ್ ನೂರಾರು ಸ್ವಯಂಸೇವಕರ ಜೊತೆ ಕಟ್ಟಿದ ವಿಲ್ಲೋ ಅರಮನೆಯದು ಬೇರೆ ದಾರಿ. ಜೀವಂತ ಕಡ್ಡಿಯಾದ್ದರಿಂದ ಅದು ಕಟ್ಟಿದ ಮೇಲೆ ದಪ್ಪವಾಗುತ್ತಾ, ದಟ್ಟವಾಗುತ್ತಾ ಬೆಳೆಯಿತು.

ಒಂದು ಎಚ್ಚರಿಕೆ. ಈ ಬೇರು ನೀರು ಹುಡುಕಿಕೊಂಡು ಹೋಗುತ್ತದೆ. ಮನೆ ಗೋಡೆ, ನೀರಿನ ಪೈಪು, ಚರಂಡಿಯಿಂದ ಕನಿಷ್ಠ 10 ಮೀಟರ್ ದೂರ ನೆಡಿ.

ನನ್ನ ಬೋಳು ಗುಮ್ಮಟವನ್ನು ಕಿತ್ತು ಹಾಕಲಿಲ್ಲ. ಮುಂದಿನ ಚಳಿಗಾಲದಲ್ಲಿ ಬುಡದಿಂದ ಮೊಣಕಾಲೆತ್ತರಕ್ಕೆ ಪೂರ್ತಿ ಕತ್ತರಿಸಿದೆ. ಕೈ ನಡುಗಿತ್ತು. ವಸಂತದಲ್ಲಿ ಒಂದೊಂದು ಬುಡದಿಂದಲೂ ಹೊಸ ಕಡ್ಡಿಗಳ ಗೊಂಚಲು ಎದ್ದಿತು. ಕತ್ತರಿಸಿದ ಕಡ್ಡಿಗಳನ್ನು ಬಕೆಟ್ ನೀರಿನಲ್ಲಿ ನಿಲ್ಲಿಸಿಟ್ಟಿದ್ದೆ. ಅವುಗಳಿಂದಲೇ ಗುಮ್ಮಟದ ಬಾಗಿಲಿಗೆ ಒಂದು ಸುರಂಗ ಕಟ್ಟಿದೆ. ಅದನ್ನು ಈ ಚಳಿಗಾಲದಲ್ಲಿ ಮೊದಲ ಸಲ ಸವರಬೇಕು.