ಎಷ್ಟು ಕೆ ಸಾರ್?

ಕೇಳುಗರಿಗೆ ನಮಸ್ಕಾರ. ನಾನು ಸಿನಿಮಾ ಕ್ಯಾಮೆರಾದವನು ಅಂತ ಗೊತ್ತಾದರೆ ಸಾಕು, ಎಲ್ಲರದೂ ಒಂದೇ ಪ್ರಶ್ನೆ: ‘ನಿಮ್ಮದು ಎಷ್ಟು ಕೆ ಸಾರ್? ನಾಲ್ಕಾ, ಎಂಟಾ?’ ಮೊನ್ನೆ ಮದುವೆಮನೆ ಪಂಕ್ತಿಯಲ್ಲಿ ಸಾರು ಬಡಿಸುವವನೂ ಬಕೆಟ್ ಹಿಡಿದುಕೊಂಡೇ ಇದನ್ನು ಕೇಳಿದ. ಕೆ ಅಂದರೆ ಚಿತ್ರದ ಅಗಲದಲ್ಲಿ ಎಷ್ಟು ಸಾವಿರ ಚುಕ್ಕಿ ಅಂತ, ಅಷ್ಟೇ. ದಯವಿಟ್ಟು ಚುಕ್ಕಿ ಎಣಿಸಬೇಡಿ. ಒಂದೊಂದು ಚುಕ್ಕಿ ಎಷ್ಟು ಬೆಳಕು ಹಿಡಿಯುತ್ತದೆ ಅಂತ ಕೇಳಿ.

ನನಗೆ ಇದು ತಲೆಗೆ ಹತ್ತಿದ್ದು ತೀರ್ಥಹಳ್ಳಿ ಕಡೆಯ ಒಂದು ತೊಟ್ಟಿಮನೆಯಲ್ಲಿ. ಡಿಜಿಟಲ್ ಇನ್ನೂ ಹೊಸದು. ಮೇ ತಿಂಗಳು. ತೊಟ್ಟಿಯಲ್ಲಿ ತುಳಸಿಕಟ್ಟೆ, ಅದರ ಮೇಲೆ ಉರಿಬಿಸಿಲು. ಜಗಲಿಯ ಕತ್ತಲಲ್ಲಿ ಆ ಮನೆಯ ಅಜ್ಜಿ ಮೆಟ್ಟುಗತ್ತಿ ಹಾಕಿಕೊಂಡು ಮಾವಿನಕಾಯಿ ಹೆಚ್ಚಬೇಕು, ಅದೇ ದೃಶ್ಯ. ಅಜ್ಜಿಯ ಮುಖ ಕಾಣುವಂತೆ ಮಾಡಿದರೆ ತೊಟ್ಟಿಯೆಲ್ಲ ಸುಣ್ಣ ಬಳಿದ ಹಾಗೆ, ತುಳಸಿಯೇ ಇಲ್ಲ. ತುಳಸಿ ಕಾಣುವಂತೆ ಮಾಡಿದರೆ ಅಜ್ಜಿ ಮಸಿಗುಡ್ಡೆ. ಮಧ್ಯಾಹ್ನವೆಲ್ಲ ಹೀಗೇ ಹೋಯಿತು. ಸಂಜೆ ಗುಡುಗಿ ಮಳೆ ಬಂತು. ಅಜ್ಜಿ ಎದ್ದು ಸೂರಿನ ಕೆಳಗೆ ಸಾಲಾಗಿ ಪಾತ್ರೆ ಇಟ್ಟರು. ಚೆಂಬು ಆಗಲೇ ತುಂಬಿ ಚೆಲ್ಲಿತು. ಹಂಡೆಗೆ ಕಾಲುಭಾಗವೂ ಆಗಿರಲಿಲ್ಲ. ಮೂಲೆಯ ಒಂದು ಪಾತ್ರೆಯ ತಳವೇ ಒದ್ದೆಯಾಗಿರಲಿಲ್ಲ.

ನೋಡಿ, ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಅಂದರೆ ಇದೇ. ಲಕ್ಷಾಂತರ ಪಾತ್ರೆ, ಮಳೆಯ ಬದಲು ಬೆಳಕು. ತುಂಬಿ ಚೆಲ್ಲಿದರೆ ಸುಣ್ಣ. ತಳ ಒದ್ದೆಯಾಗದಿದ್ದರೆ ಮಸಿ, ಅದರ ಮೇಲೆ ರಾಗಿ ಚೆಲ್ಲಿದ ಹಾಗೆ ಕುಣಿಯುವ ಕಾಳು. ತೊಟ್ಟಿ ಅಷ್ಟೇ ಇದ್ದು ಪಾತ್ರೆ ಮಾತ್ರ ಹೆಚ್ಚಿಸುತ್ತ ಹೋದರೆ ಎಲ್ಲವೂ ಚೆಂಬೇ ಆಗುತ್ತವೆ. ಎಷ್ಟು ಕೆ ಅಂತ ಕೇಳುವವರು ಕೇಳುವುದು ಚೆಂಬಿನ ಲೆಕ್ಕ!

2007ರಲ್ಲಿ ರೆಡ್ ಒನ್ ಅನ್ನುವ ಕ್ಯಾಮೆರಾ ನಾಲ್ಕು ಕೆ ತಂದಿತು. 2010ರಲ್ಲಿ ಆರಿ ಕಂಪನಿಯ ಅಲೆಕ್ಸಾ ಕ್ಯಾಮೆರಾ ಬಂದಾಗ ಅದು ಮೂರು ಕೆ ಕೂಡ ಇರಲಿಲ್ಲ. ಆದರೂ ಕ್ಯಾಮೆರಾದವರೆಲ್ಲ ಅದಕ್ಕೇ ಮುಗಿಬಿದ್ದರು. ಅದರಲ್ಲಿ ಪಾತ್ರೆ ದೊಡ್ಡದು, 8.25 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಜೊತೆಗೆ ಒಂದೊಂದನ್ನೂ ಎರಡು ಸಲ ಅಳೆಯುತ್ತದೆ: ಬಿಸಿಲನ್ನು ಸೇರಿನಲ್ಲಿ, ನೆರಳನ್ನು ಚಟಾಕಿನಲ್ಲಿ. ಎರಡೂ ಲೆಕ್ಕ ಕೂಡಿಸಿ ಒಂದು ಚಿತ್ರ. ಹದಿನಾಲ್ಕು ಸ್ಟಾಪ್, ಅಂದರೆ ನೆರಳಿಗೂ ಬಿಸಿಲಿಗೂ ಹದಿನಾರು ಸಾವಿರ ಪಟ್ಟು ಅಂತರವಿದ್ದರೂ ಎರಡೂ ಉಳಿಯುತ್ತವೆ. 2022ರ ಅಲೆಕ್ಸಾ 35ಕ್ಕೆ ಹದಿನೇಳು ಸ್ಟಾಪ್ ಅಂತ ಕಂಪನಿಯ ಮಾತು. ಮೂರೇ ಹೆಚ್ಚು ಅನ್ನಬೇಡಿ, ಒಂದೊಂದು ಸ್ಟಾಪೂ ದುಪ್ಪಟ್ಟು. ಲೆಕ್ಕ ಹಾಕಿದರೆ ಲಕ್ಷ ದಾಟುತ್ತದೆ.

ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ, ಎರಡೇ ನಿಮಿಷವಂತೆ. ಬಣ್ಣದ ಮಾತು: ಪಾತ್ರೆಗೆ ಬಣ್ಣ ಗೊತ್ತಿಲ್ಲ. ಮೇಲೆ ಹಸಿರು, ಕೆಂಪು, ನೀಲಿ ಸೋಸುಬಟ್ಟೆ ಕಟ್ಟಿರುತ್ತಾರೆ, ಅರ್ಧಕ್ಕರ್ಧ ಹಸಿರೇ. ಕೊಡಕ್‌ನ ಬ್ರೈಸ್ ಬೇಯರ್ ಮಾಡಿದ ಏರ್ಪಾಡು, 1976ರ ಪೇಟೆಂಟ್. ಉಳಿದ ಬಣ್ಣವನ್ನು ಅಕ್ಕಪಕ್ಕ ನೋಡಿ ಊಹಿಸುವುದು ಪ್ರೊಸೆಸರ್‌ನ ಕೆಲಸ. ಕುಗ್ಗಿಸದೆ ಹಾಗೇ ಇಟ್ಟುಕೊಂಡರೆ ನಾಲ್ಕು ಕೆ ಚಿತ್ರ ಸೆಕೆಂಡಿಗೆ ನೂರಾರು ಎಂಬಿ ನುಂಗುತ್ತದೆ, ಕೆ ಪ್ರಿಯರು ಹಾರ್ಡ್‌ಡಿಸ್ಕ್ ಖರ್ಚನ್ನೂ ಕೇಳಿಕೊಳ್ಳಲಿ.

ಆ ತೊಟ್ಟಿಮನೆಗೆ ಕೆಲವು ವರ್ಷದ ಮೇಲೆ ಅಲೆಕ್ಸಾ ಹಿಡಿದು ಹೋಗಿದ್ದೆ. ಅದೇ ಜಗಲಿ, ಅದೇ ಬಿಸಿಲು. ಮಾನಿಟರ್‌ನಲ್ಲಿ ಅಜ್ಜಿಗೆ ಅವರ ಚಿತ್ರ ತೋರಿಸಿದೆ. ತಮ್ಮ ಮುಖ ನೋಡಲೇ ಇಲ್ಲ, ಒಳಗೆ ತಿರುಗಿ ಸೊಸೆಯನ್ನು ಕೂಗಿದರು: ‘ತುಳಸಿಗೆ ಇವತ್ತು ನೀರು ಹಾಕಿಲ್ವನೇ? ಎಲೆ ಬಾಡಿದ್ದು ಇದರಲ್ಲೂ ಕಾಣ್ತದೆ!’

ನಮಸ್ಕಾರ.