ಎಮಿಟರ್ ಫಾಲೋವರ್‌ಗೆ ಕರೆಂಟ್ ಸೋರ್ಸ್ ಹಾಕಿದರೆ ನಿಜಕ್ಕೂ ಏನಾಗುತ್ತದೆ?

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಸರ್ಕ್ಯೂಟ್ ಹಿಡಿದುಕೊಂಡು ಮಾತಾಡೋಣ: ಎಮಿಟರ್ ಫಾಲೋವರ್. ಟ್ರಾನ್ಸಿಸ್ಟರ್‌ನ ಬೇಸ್ ಕಾಲಿಗೆ ಸಿಗ್ನಲ್ ಕೊಡುತ್ತೇವೆ, ಎಮಿಟರ್ ಕಾಲಿನಿಂದ ತೆಗೆಯುತ್ತೇವೆ. ವೋಲ್ಟೇಜ್ ಹೆಚ್ಚುವುದಿಲ್ಲ, ಕರೆಂಟ್ ಕೊಡುವ ತಾಕತ್ತು ಹೆಚ್ಚುತ್ತದೆ, ಅದಕ್ಕೇ ಇದು ಬಫರ್. ಎಮಿಟರ್ ಕೆಳಗಿನ ರೆಸಿಸ್ಟರ್ ಕಿತ್ತು ಕಾನ್‌ಸ್ಟಂಟ್ ಕರೆಂಟ್ ಸೋರ್ಸ್ (ವೋಲ್ಟೇಜ್ ಎಷ್ಟೇ ಇರಲಿ, ಒಂದೇ ಕರೆಂಟ್ ಹರಿಸುವ ಜೋಡಣೆ) ಕೂರಿಸಿಬಿಟ್ಟರೆ ಎಲ್ಲ ರೋಗವೂ ವಾಸಿ ಅಂತ ಆಡಿಯೋ ಹವ್ಯಾಸಿಗಳಲ್ಲಿ ಒಂದು ನಂಬಿಕೆ ಇದೆ. ಅರ್ಧ ನಿಜ. ಉಳಿದರ್ಧ ಹೊರಗೆ ಏನು ಜೋಡಿಸುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ಲೆಕ್ಕ ಹಾಕೋಣ. ಪ್ಲಸ್ 12, ಮೈನಸ್ 12 ವೋಲ್ಟ್ ಸಪ್ಲೈ. ಒಂದು ಬಿಸಿ547 (BC547, ಸಣ್ಣ ಎನ್‌ಪಿಎನ್ ಟ್ರಾನ್ಸಿಸ್ಟರ್). ಎಮಿಟರ್‌ನಿಂದ ಮೈನಸ್ 12ಕ್ಕೆ 4.7 ಕಿಲೋಓಮ್. ಔಟ್‌ಪುಟ್ ಸೊನ್ನೆಯಲ್ಲಿರುವಾಗ ಸುಮಾರು 2.5 ಮಿಲಿಆಂಪ್ ಹರಿಯುತ್ತದೆ. ಈಗ ಔಟ್‌ಪುಟ್ ಪ್ಲಸ್ 10ಕ್ಕೆ ಏರಿತು ಅನ್ನಿ, ರೆಸಿಸ್ಟರ್ ಮೇಲೆ 22 ವೋಲ್ಟ್, ಕರೆಂಟ್ 4.7 ಮಿಲಿಆಂಪ್. ಮೈನಸ್ 10ಕ್ಕೆ ಇಳಿದರೆ ಅದರ ಮೇಲೆ ಉಳಿಯುವುದು 2 ವೋಲ್ಟ್, ಕರೆಂಟ್ ಬರೀ 0.43. ಹನ್ನೊಂದು ಪಟ್ಟು ವ್ಯತ್ಯಾಸ! ಕರೆಂಟ್ ಇಷ್ಟು ಬದಲಾದರೆ ಬೇಸ್-ಎಮಿಟರ್ ವೋಲ್ಟೇಜ್ ಸುಮಾರು 62 ಮಿಲಿವೋಲ್ಟ್ ಅಲುಗುತ್ತದೆ, ಅದೂ ನೇರ ಗೆರೆಯಲ್ಲಲ್ಲ, ಲಾಗರಿದಮ್ ಲೆಕ್ಕದಲ್ಲಿ. ಔಟ್‌ಪುಟ್‌ನಲ್ಲಿ ನಮಗೆ ಕಾಣುವ ಡಿಸ್ಟಾರ್ಷನ್, ಅಂದರೆ ಸಿಗ್ನಲ್‌ನ ಆಕಾರ ಕೆಡುವುದು, ಅದೇ.

ಈಗ ರೆಸಿಸ್ಟರ್ ಬದಲು ಕರೆಂಟ್ ಸೋರ್ಸ್. ಜಾಸ್ತಿ ಖರ್ಚೇನಿಲ್ಲ. ಇನ್ನೊಂದು ಬಿಸಿ547, ಅದರ ಬೇಸ್‌ನಿಂದ ಮೈನಸ್ 12ಕ್ಕೆ ಒಂದು ಕೆಂಪು ಎಲ್‌ಇಡಿ, ಎಲ್‌ಇಡಿಗೆ ಕರೆಂಟ್ ಕೊಡಲು ಗ್ರೌಂಡ್‌ನಿಂದ ಒಂದು 4.7 ಕಿಲೋಓಮ್, ಎಮಿಟರ್‌ನಲ್ಲಿ 470 ಓಮ್. ಎಲ್‌ಇಡಿ ಮೇಲಿನ ಸುಮಾರು 1.8 ವೋಲ್ಟ್‌ನಲ್ಲಿ 0.65 ಕಳೆದರೆ 1.15, ಅದನ್ನು 470ರಿಂದ ಭಾಗಿಸಿ, ಹತ್ತಿರ ಹತ್ತಿರ 2.5 ಮಿಲಿಆಂಪ್ ಬಂತು ಅಲ್ವಾ? ಎಲ್‌ಇಡಿ ಬಿಸಿಯಾದಾಗ ಅದರ ವೋಲ್ಟೇಜ್ ಕೂಡ ಟ್ರಾನ್ಸಿಸ್ಟರ್‌ನ ಹಾಗೇ ಇಳಿಯುತ್ತದೆ, ಹಾಗಾಗಿ ಕರೆಂಟ್ ಹೆಚ್ಚು ಅಲ್ಲಾಡುವುದಿಲ್ಲ. ಔಟ್‌ಪುಟ್ ಮೇಲೆ ಹೋಗಲಿ ಕೆಳಗೆ ಬರಲಿ, ಮೇಲಿನ ಟ್ರಾನ್ಸಿಸ್ಟರ್ ಅದೇ 2.5 ಮಿಲಿಆಂಪ್‌ನಲ್ಲೇ ಕೂತಿರುತ್ತದೆ. ಹೊರಗೆ 47 ಕಿಲೋಓಮ್ ಲೋಡ್ ಹಾಕಿದರೂ 62 ಇದ್ದದ್ದು ನಾಲ್ಕೈದು ಮಿಲಿವೋಲ್ಟ್‌ಗೆ ಇಳಿಯುತ್ತದೆ. ಇದು ನಿಜವಾದ ಲಾಭ. ಬದಲಿಗೆ ಕೆಳಗಡೆ ಸುಮಾರು ಒಂದೂವರೆ ವೋಲ್ಟ್ ಜಾಗ ಕಳೆದುಕೊಳ್ಳುತ್ತೀರಿ, ಯಾಕಂದ್ರೆ ಕೆಳಗಿನ ಟ್ರಾನ್ಸಿಸ್ಟರ್‌ಗೂ ಉಸಿರಾಡಲು ಅಷ್ಟು ಬೇಕು.

ಆದರೆ 47 ಕಿಲೋಓಮ್ ಬದಲು 1 ಕಿಲೋಓಮ್ ಜೋಡಿಸಿ ನೋಡಿ. ಮೇಲಿನ ಅರ್ಧ ಚೆನ್ನಾಗಿ ಬರುತ್ತದೆ. ಕೆಳಗಿನ ಅರ್ಧ ಮೈನಸ್ 2.5 ವೋಲ್ಟ್ ಹತ್ತಿರ ಚಪ್ಪಟೆ! ಎನ್‌ಪಿಎನ್ ಟ್ರಾನ್ಸಿಸ್ಟರ್ ಮೇಲಕ್ಕೆ ತಳ್ಳಬಲ್ಲದೇ ಹೊರತು ಕೆಳಕ್ಕೆ ಎಳೆಯಲಾರದು. ಎಳೆಯುವ ಕೆಲಸವೆಲ್ಲ ಕರೆಂಟ್ ಸೋರ್ಸ್‌ನದು, ಅದರ ಹತ್ತಿರ ಇರುವುದೇ 2.5 ಮಿಲಿಆಂಪ್. ಇದೇ ಲೋಡ್‌ಗೆ ಹಳೇ ರೆಸಿಸ್ಟರ್ ಇದ್ದಿದ್ದರೆ ಮೈನಸ್ 2.1ಕ್ಕೆ ಕ್ಲಿಪ್ ಆಗುತ್ತಿತ್ತು. ಇಷ್ಟೆಲ್ಲ ಮಾಡಿ ಸಿಕ್ಕಿದ್ದು 0.4 ವೋಲ್ಟ್! ಕ್ಲಿಪ್ ಆಗುವ ಮೊದಲೂ ನೆಮ್ಮದಿಯಿಲ್ಲ, ಔಟ್‌ಪುಟ್ ಪ್ಲಸ್ 2, ಮೈನಸ್ 2ರ ನಡುವೆ ಆಡುವಾಗ ಟ್ರಾನ್ಸಿಸ್ಟರ್ ಕರೆಂಟ್ 4.5ರಿಂದ 0.5ಕ್ಕೆ ಓಡಾಡುತ್ತದೆ, ಬಿಟ್ಟುಬಂದ ಡಿಸ್ಟಾರ್ಷನ್ ಮತ್ತೆ ಹಾಜರ್. 1 ಕಿಲೋಓಮ್‌ಗೆ 10 ವೋಲ್ಟ್ ಬೇಕಿದ್ದರೆ ಸೋರ್ಸ್ 10 ಮಿಲಿಆಂಪ್‌ಗಿಂತ ಜಾಸ್ತಿಯೇ ಇರಬೇಕು, ನಾನಾದರೆ 15 ಇಡುತ್ತೇನೆ. ಸಿಗ್ನಲ್ ಇಲ್ಲದಾಗಲೂ ಅಷ್ಟು ಹರಿಯುತ್ತಲೇ ಇರುತ್ತದೆ, ಒಂದೊಂದು ಟ್ರಾನ್ಸಿಸ್ಟರ್‌ನಲ್ಲೂ 180 ಮಿಲಿವ್ಯಾಟ್ ಸುಮ್ನೆ ಬಿಸಿಯಾಗಿ ಹೋಗುತ್ತದೆ. ಕ್ಲಾಸ್ ಎ ಅಂದರೆ ಇದೇ. ಈ ಜೋಡಣೆಯಲ್ಲಿ ಎಷ್ಟೇ ಸರ್ಕಸ್ ಮಾಡಿದರೂ ಎಫಿಶಿಯನ್ಸಿ 25 ಶೇಕಡಾ ದಾಟುವುದಿಲ್ಲ.

ಕೆಪಾಸಿಟರ್ ಲೋಡ್‌ನಲ್ಲೂ ಇದೇ ಕಥೆ. ಹತ್ತು ಮೀಟರ್ ಶೀಲ್ಡ್ ಕೇಬಲ್ ಅಂದರೆ ಸುಮಾರು 1 ನ್ಯಾನೋಫ್ಯಾರಡ್. 2.5 ಮಿಲಿಆಂಪ್ ಅದನ್ನು ಮೈಕ್ರೋಸೆಕೆಂಡಿಗೆ 2.5 ವೋಲ್ಟ್‌ಗಿಂತ ವೇಗವಾಗಿ ಇಳಿಸಲಾರದು. 20 ಕಿಲೋಹರ್ಟ್ಸ್, 10 ವೋಲ್ಟ್ ಪೀಕ್‌ನ ಸೈನ್ ಅಲೆಗೆ 1.26 ಸಾಕು, ಪಾರಾಗುತ್ತೀರಿ. 100 ಕಿಲೋಹರ್ಟ್ಸ್‌ಗೆ 6.3 ಬೇಕು. ಸ್ಕೋಪಿನಲ್ಲಿ ನೋಡಿದರೆ ಏರುವ ಬದಿ ಗುಂಡಗೆ, ಇಳಿಯುವ ಬದಿ ಸ್ಕೇಲ್ ಇಟ್ಟು ಎಳೆದ ಹಾಗೆ. ಇಂಥ ಕೇಬಲ್‌ಗೆ ಫಾಲೋವರ್ ಆಸಿಲೇಟ್ ಆಗುವುದೂ (ತಾನಾಗಿಯೇ ಕಂಪಿಸುವುದೂ) ಉಂಟು. ಬೇಸ್‌ಗೆ ಸೀರೀಸ್‌ನಲ್ಲಿ 100 ಓಮ್ ಹಾಕಿದರೆ ಸಾಮಾನ್ಯವಾಗಿ ಸುಮ್ಮನಾಗುತ್ತದೆ.

ಕರೆಂಟ್ ಸೋರ್ಸ್ ಹಾಕಿದರೆ ಔಟ್‌ಪುಟ್ ಇಂಪೀಡೆನ್ಸ್ (ಲೋಡ್‌ಗೆ ಕಾಣುವ ಒಳಗಿನ ರೆಸಿಸ್ಟೆನ್ಸ್) ಕಡಿಮೆಯಾಗುತ್ತದೆ ಅನ್ನುವವರೂ ಇದ್ದಾರೆ. ಆಗುವುದಿಲ್ಲ. 2.5 ಮಿಲಿಆಂಪ್‌ಗೆ ಟ್ರಾನ್ಸಿಸ್ಟರ್‌ನ ಸ್ವಂತದ್ದು ಸುಮಾರು 10 ಓಮ್, ಅದಕ್ಕೆ ಹಿಂದಿನ ಸ್ಟೇಜಿನ ರೆಸಿಸ್ಟೆನ್ಸನ್ನು ಬೀಟಾದಿಂದ (ಟ್ರಾನ್ಸಿಸ್ಟರ್ ಕರೆಂಟನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೋ ಆ ಸಂಖ್ಯೆಯಿಂದ) ಭಾಗಿಸಿ ಸೇರಿಸಿ. ಕೆಳಗೆ ಏನಿದೆ ಅನ್ನುವುದು ಈ ಲೆಕ್ಕದಲ್ಲಿ ಹೆಚ್ಚುಕಡಿಮೆ ಬರುವುದೇ ಇಲ್ಲ.

ಎಲ್ಲರ ಡಬ್ಬಿಯಲ್ಲೂ ಇರುವ ಎಲ್‌ಎಂ358 ಆಪ್-ಆಂಪ್ ಐಸಿ ನೋಡಿ. ಅದರ ಔಟ್‌ಪುಟ್ ಕೆಳಗೆಳೆಯಲು ಒಳಗೆ ಸುಮಾರು 50 ಮೈಕ್ರೋಆಂಪ್‌ನ ಕರೆಂಟ್ ಸೋರ್ಸ್ ಇದೆ. ಲೋಡ್ ಅಷ್ಟರೊಳಗಿದ್ದರೆ ಅದೂ ಕ್ಲಾಸ್ ಎ. ದಾಟಿದರೆ ಕೆಳಕ್ಕೆ ಎಳೆಯಬಲ್ಲ ಒಂದು ಪಿಎನ್‌ಪಿ ಟ್ರಾನ್ಸಿಸ್ಟರ್ ಕೆಲಸಕ್ಕಿಳಿಯಬೇಕು, ಆ ಕೈಬದಲಾವಣೆಯ ಹೊತ್ತಿಗೇ ಕ್ರಾಸ್‌ಓವರ್ ಡಿಸ್ಟಾರ್ಷನ್. ಮದ್ದು ಏನು ಗೊತ್ತಾ? ಔಟ್‌ಪುಟ್‌ನಿಂದ ಮೈನಸ್ ಸಪ್ಲೈಗೆ ಒಂದು ರೆಸಿಸ್ಟರ್. ಕರೆಂಟ್ ಸೋರ್ಸ್ ಇರುವಲ್ಲೇ ಅದರ ಪಕ್ಕಕ್ಕೆ ರೆಸಿಸ್ಟರ್ ತಂದು ಹಾಕಿ ಸರಿ ಮಾಡುತ್ತೇವೆ.