ಕಿಲಿಮಂಜಾರೋ ಮತ್ತು ನೌಬಾದಿನ ಬಾವಿ
(ಬೀದರಿನಲ್ಲಿ ನೀಡಿದ ಉಪನ್ಯಾಸ)

ಹಿರಿಯರೇ, ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ಆಹ್ವಾನ ಪತ್ರಿಕೆಯಲ್ಲಿ ನನ್ನನ್ನು ‘ಆಫ್ರಿಕದಲ್ಲಿ ದೇವರ ಸಂದೇಶ ಸಾರಿ ಬಂದವರು’ ಎಂದು ಅಚ್ಚು ಹಾಕಿಸಿದ್ದೀರಿ. ಸ್ವಲ್ಪ ದೊಡ್ಡ ಮಾತಾಯಿತು. ನಾನು ಸಾರಿದ್ದು ಕಡಿಮೆ, ಕಲಿಸಿದ್ದು ಬೀಜಗಣಿತ. ತಾಂಜಾನಿಯಾದ ಮೋಶಿ ಪಟ್ಟಣದ ಮೇಲುಭಾಗದ ಒಂದು ಹಳ್ಳಿ ಶಾಲೆಗೆ ನಮ್ಮ ಸಭೆಯವರು ನನ್ನನ್ನು ಮಿಷನರಿ ಶಿಕ್ಷಕನನ್ನಾಗಿ ಕಳಿಸಿದ್ದರು. ವಾರವಿಡೀ ಗಣಿತ, ಭಾನುವಾರ ಅರೆಬರೆ ಸ್ವಾಹಿಲಿಯಲ್ಲಿ ಪ್ರಸಂಗ.

ನಾನು ಹೋಗಿ ಇಳಿದದ್ದು ಏಪ್ರಿಲ್‌ನಲ್ಲಿ. ಇಲ್ಲಿ ಜಂಬಿಟ್ಟಿಗೆ ಕಲ್ಲು ಕಾದು ಹೆಂಚಾಗುವ ಹೊತ್ತು. ಅಲ್ಲಿ ‘ಮಸಿಕಾ’, ಎಂದರೆ ದೊಡ್ಡ ಮಳೆಗಾಲ. ಸಿಕ್ಕವರೆಲ್ಲ ಮೋಡದ ಕಡೆ ಬೆರಳು ಮಾಡಿ ‘ಅದೇ ಕಿಲಿಮಂಜಾರೋ’ ಎನ್ನುತ್ತಿದ್ದರು. 5,895 ಮೀಟರ್ ಎತ್ತರದ ಬೆಟ್ಟ ಮೂರು ವಾರ ನನಗೆ ಒಂದು ದಿಬ್ಬದಷ್ಟೂ ಕಾಣಲಿಲ್ಲ. ಹೊಸಬನೆಂದು ಗೇಲಿ ಮಾಡುತ್ತಿದ್ದಾರೆಂದೇ ತಿಳಿದಿದ್ದೆ. ಒಂದು ನಸುಕಿನಲ್ಲಿ ಮುಖ ತೊಳೆಯಲು ಹೊರಗೆ ಬಂದರೆ, ನಾನು ಹುಡುಕುತ್ತಿದ್ದ ಜಾಗಕ್ಕಿಂತ ಎಷ್ಟೋ ಮೇಲೆ, ಆಕಾಶವೆಂದು ಬಿಟ್ಟುಬಿಟ್ಟಿದ್ದ ಕಡೆ, ಬೆಳ್ಳಗೆ ಶಿಖರ ನಿಂತಿತ್ತು. ತಂಬಿಗೆಯ ನೀರು ಚೆಲ್ಲಿದ್ದು ಕಾಲು ತಣ್ಣಗಾದಾಗಲೇ ಗೊತ್ತಾಯಿತು. ಎಂಟು ಗಂಟೆಗೆ ಮತ್ತೆ ಮೋಡ.

1848ರಲ್ಲಿ ಆ ಹಿಮದ ಸುದ್ದಿಯನ್ನು ಯುರೋಪಿಗೆ ಮುಟ್ಟಿಸಿದವರೂ ಒಬ್ಬ ಮಿಷನರಿಯೇ, ಜರ್ಮನಿಯ ಯೋಹಾನ್ನೆಸ್ ರೆಬ್‌ಮಾನ್. ಸಮಭಾಜಕ ವೃತ್ತದ ಬಳಿ ಹಿಮ ಎಲ್ಲಿಂದ ಬಂತು ಎಂದು ಲಂಡನ್ನಿನ ಭೂಗೋಳ ಪಂಡಿತರೊಬ್ಬರು ವರ್ಷಗಟ್ಟಲೆ ವಾದ ಹೂಡಿದರು. ಆದರೆ ರೆಬ್‌ಮಾನರಿಗೆ ದಾರಿ ತೋರಿಸುತ್ತಿದ್ದ ಸ್ಥಳೀಯ ಆ ಬಿಳುಪನ್ನು ಸುಮ್ಮನೆ ‘ಬರಿದಿ’ ಎಂದಿದ್ದ. ಬರಿದಿ ಎಂದರೆ ಚಳಿ. ನಮ್ಮವರು ‘ಥಂಡಿ’ ಎನ್ನುವ ಹಾಗೆ. ಬೆಟ್ಟದ ಬುಡದಲ್ಲಿದ್ದವನಿಗೆ ಅದು ಒಂದೇ ಪದದ ಸಂಗತಿ. ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ನಾನೂ ದೇವರನ್ನು ಟ್ರಂಕಿನಲ್ಲಿ ಇಟ್ಟುಕೊಂಡು ಬಂದವನಂತೆ ಆ ಊರಿಗೆ ಕಾಲಿಟ್ಟಿದ್ದೆನಲ್ಲ!

ಊರಿನ ನೆನಪು ಕಾಡಿದ ಒಂದು ರಾತ್ರಿ ಧ್ರುವ ನಕ್ಷತ್ರವನ್ನು ಹುಡುಕಿದೆ. ಬೀದರಿನಲ್ಲಿ ಅದು ದಿಗಂತದಿಂದ ಸುಮಾರು 18 ಡಿಗ್ರಿ ಮೇಲಿರುತ್ತದೆ, ಊರಿನ ಅಕ್ಷಾಂಶ ಎಷ್ಟೋ ಅಷ್ಟು; ಮಕ್ಕಳಿಗೆ ನಾನೇ ಹೇಳಿಕೊಟ್ಟ ಪಾಠ. ಮೋಶಿ ಇರುವುದು ಸಮಭಾಜಕದಿಂದ 3 ಡಿಗ್ರಿ ದಕ್ಷಿಣಕ್ಕೆ. ಸಪ್ತರ್ಷಿ ಮಂಡಲವೇನೋ ಕಂಡಿತು. ಅದರ ತುದಿಯ ಎರಡು ನಕ್ಷತ್ರಗಳಿಂದ ಗೆರೆ ಎಳೆದರೆ ಗೆರೆ ನೆಲದೊಳಗೆ ಇಳಿದುಹೋಯಿತು. ಅಚಲನೆಂದು ಅಜ್ಜಿ ಕತೆ ಹೇಳಿದ ಧ್ರುವ ಅಲ್ಲಿ ಮೂಡುವುದೇ ಇಲ್ಲ. ಗಣಿತದ ಮೇಷ್ಟ್ರಿಗೆ ಇದು ಗೊತ್ತಿದ್ದ ವಿಷಯವೇ. ಅಂಗಳದಲ್ಲಿ ಒಬ್ಬನೇ ನಿಂತಾಗ ಮಾತ್ರ ಎದೆ ಝಲ್ಲೆಂದಿತು.

ನಿಸರ್ಗದಲ್ಲಿ ದೇವರನ್ನು ಕಂಡೆ ಎಂದು ನಾನು ಸುಲಭವಾಗಿ ಹೇಳಲಾರೆ. ಬತ್ತುವ ನೀರನ್ನು, ಒಣಗುವ ಮರವನ್ನು ಮೆಚ್ಚಿದವರು ನಿನ್ನನ್ನು ಹೇಗೆ ಬಲ್ಲರು ಎಂದು ಬಸವಣ್ಣನವರು ಕೇಳಿದ್ದಾರೆ. ಕಲ್ಯಾಣದ ನೆಲದವನಾಗಿ ಅದನ್ನು ಮರೆಯಲಾಗದು. ನಮ್ಮ ಬೈಬಲಿನ 121ನೇ ಕೀರ್ತನೆಯ ಭಕ್ತನೂ ಬೆಟ್ಟದ ಕಡೆ ಕಣ್ಣೆತ್ತುತ್ತಾನೆ, ಆದರೆ ನೆರವು ಬರುವುದು ಭೂಮ್ಯಾಕಾಶಗಳನ್ನು ಮಾಡಿದವನಿಂದ ಎನ್ನುತ್ತಾನೆ. ಕಿಲಿಮಂಜಾರೋದ ಹಿಮವೂ ಬತ್ತುವ ಜಲವೇ: 1912ರಿಂದೀಚೆಗೆ ಶೇ 80ಕ್ಕೂ ಹೆಚ್ಚು ಕರಗಿದೆ. ಇನ್ನೊಂದು ಸಂಗತಿ ಕೇಳಿ. ಕೆಳಗಿನ ಹಳ್ಳಿಗಳಿಗೆ ಬರುವ ನೀರಿನಲ್ಲಿ ಬಹುಪಾಲು ಆ ಹಿಮದ್ದಲ್ಲ. ನಡುಬೆಟ್ಟದ ಕಾಡು ಹಿಡಿದಿಟ್ಟ ಮಳೆ, ಮಂಜಿನದು. ಯಾತ್ರಿಕರು ಚಿತ್ರ ತೆಗೆಯುವುದು ಶಿಖರವನ್ನು. ಊರಿನ ಬಾಯಾರಿಕೆ ತಣಿಸುವುದು ಯಾರೂ ಚಿತ್ರ ತೆಗೆಯದ ಕಾಡು.

ಆ ನೀರನ್ನು ಚಗ್ಗಾ ಜನ ತಲೆತಲಾಂತರದಿಂದ ಕಾಲುವೆ ತೋಡಿ, ಇಳಿಜಾರಿನಲ್ಲಿ ಬಳಸಿ ಬಳಸಿ ಬಾಳೆ, ಕಾಫಿ ತೋಟಗಳಿಗೆ ತರುತ್ತಾರೆ. ಮನೆಗೊಂದು ಸರದಿ. ಹೂಳು ತೆಗೆಯುವ ದಿನ ಎಲ್ಲರೂ ಗುದ್ದಲಿ ಹಿಡಿದು ಬರಬೇಕು, ಬಾರದವರಿಗೆ ದಂಡ. ಒಮ್ಮೆ ನಾನೂ ಹೋಗಿದ್ದೆ. ಕೆಲಸದ ನಡುವೆ, ಎಲ್ಲರೂ ‘ಬಾಬು’, ಎಂದರೆ ಅಜ್ಜ, ಎಂದು ಕರೆಯುತ್ತಿದ್ದ ಹಿರಿಯರೊಬ್ಬರು ಕೇಳಿದರು: “ಮೇಷ್ಟ್ರೇ, ನಿಮ್ಮೂರಿಗೆ ನೀರು ಎಲ್ಲಿಂದ ಬರುತ್ತದೆ?”

“ನಲ್ಲಿಯಿಂದ” ಎಂದೆ.

ಅಜ್ಜ ಗುದ್ದಲಿ ಕೆಳಗಿಟ್ಟು ನಕ್ಕರು. ಆಮೇಲೆ ಎರಡು ತಿಂಗಳು ಅಲ್ಲಿ ನನ್ನ ಹೆಸರೇ ನಲ್ಲಿ ಮೇಷ್ಟ್ರು.

ಬೀದರಿಗೆ ಮರಳಿದ ಮೇಲೆ ನಾನು ಮೊದಲು ಹೋದದ್ದು ನೌಬಾದಿಗೆ. ಬಹಮನಿ ಕಾಲದ ಸುರಂಗ ಬಾವಿಯ, ನೀವು ಕರೇಜ್ ಎನ್ನುವುದರ, ಬಾಯಿಗಳು ಅಲ್ಲಿವೆ. ಚಿಕ್ಕವನಿದ್ದಾಗ ಅವುಗಳಲ್ಲಿ ಕಲ್ಲು ಎಸೆಯುತ್ತಿದ್ದೆವು. ಅವು ಏನೆಂದು ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ನಮ್ಮ ಜಂಬಿಟ್ಟಿಗೆ ಮಳೆಯನ್ನು ಹೀರಿಕೊಳ್ಳುತ್ತದೆ, ಕೆಳಗಿನ ಕರಿಕಲ್ಲು ತಡೆಯುತ್ತದೆ, ಎರಡರ ಸಂದಿಯಲ್ಲಿ ನೀರು ಸಾಗುತ್ತದೆ. ನಾನಕ್ ಝೀರಾದಲ್ಲಿ ಸಿಖ್ಖರು ಬೊಗಸೆಯೊಡ್ಡುವುದೂ ಝರಣಿಯಲ್ಲಿ ಭಕ್ತರು ಎದೆಮಟ್ಟ ನೀರಿನಲ್ಲಿ ನರಸಿಂಹನ ಬಳಿಗೆ ನಡೆಯುವುದೂ ಇದೇ ಕೆಂಪು ಕಲ್ಲಿನ ಒಡಲಿನಲ್ಲಿ. ಇದನ್ನು ನೋಡುವ ಕಣ್ಣು ಬರಲು ನಾನು ಸಮುದ್ರ ದಾಟಿ, ಅಜ್ಜನ ಕೈಯಲ್ಲಿ ನಗೆಪಾಟಲಾಗಿ ಬರಬೇಕಾಯಿತು. ಬಾವಿಯ ಬಾಯಿಗೆ ಬಗ್ಗಿದಾಗ ಕೆಳಗಿನ ತಂಪು ಮುಖಕ್ಕೆ ಬಡಿಯಿತು. ಬರಿದಿ!

ಚಿತ್ರ ತೆಗೆದು, ಅಜ್ಜನಿಗೆ ತೋರಿಸಿ ಎಂದು ಬರೆದು, ಹಳೆಯ ವಿದ್ಯಾರ್ಥಿಗಳಿಗೆ ಕಳಿಸಿದೆ. ಅಜ್ಜ ಅದನ್ನು ಬಹಳ ಹೊತ್ತು ನೋಡಿ ಒಂದೇ ಪ್ರಶ್ನೆ ಕೇಳಿ ಕಳಿಸಿದರು: “ಇದರ ಹೂಳು ತೆಗೆಯಲು ವರ್ಷಕ್ಕೆ ಎಷ್ಟು ಸಲ ಊರವರೆಲ್ಲ ಸೇರುತ್ತೀರಿ?”

ನಾನು ಇನ್ನೂ ಉತ್ತರ ಬರೆದಿಲ್ಲ.